ಕೆನಡಾದ ಭೂವಿಜ್ಞಾನಿ ಜೋಸೆಫ್ ಬರ್ ಟಿರೆಲ್ ಅವರ ಮುಖ್ಯ ಸಾಧನೆ ಯಾವುದು?

ಹೆಚ್ಚಿನವರು ಡೈನೋಸಾರ್ ಎನ್ನುತ್ತಾರೆ. 1884ರಲ್ಲಿ ರೆಡ್ ಡೀರ್ ನದಿ ಕಣಿವೆಯಲ್ಲಿ ಅವರಿಗೆ ಸಿಕ್ಕ ತಲೆಬುರುಡೆಗೆ ಮುಂದೆ ಆಲ್ಬರ್ಟೋಸಾರಸ್ ಎಂಬ ಹೆಸರು ಬಂತು. ನನ್ನ ಪ್ರಕಾರ ಅದಕ್ಕಿಂತ ದೊಡ್ಡದು ಉತ್ತರ ಕೆನಡಾದ ಮರಗಳಿಲ್ಲದ ಬಯಲು, ಬ್ಯಾರನ್ ಲ್ಯಾಂಡ್ಸ್‌ನ 1893ರ ಸಮೀಕ್ಷೆ. ಅವರ ತಮ್ಮ ಜೇಮ್ಸ್ ಸೇರಿ 8 ಜನ, 3 ದೋಣಿ. ಅಥಬಾಸ್ಕಾ ಸರೋವರದಿಂದ ಹೊರಟು, ಡುಬಾಂಟ್ ನದಿ ಹಿಡಿದು ಹಡ್ಸನ್ ಕೊಲ್ಲಿಗೆ ಇಳಿದರು. ದಾರಿಯಲ್ಲಿ ಕ್ಯಾರಿಬೂ (ಹಿಮಸಾರಂಗ) ಮಾಂಸ ಒಣಗಿಸಿ ಇಟ್ಟುಕೊಂಡಿದ್ದರೂ ಸಾಲಲಿಲ್ಲ. ಕೊಲ್ಲಿಯ ದಂಡೆಯಲ್ಲಿ ಬಿರುಗಾಳಿ, ಮಂಜುಗಡ್ಡೆ ತಡೆದು, ದಂಡೆಯ ಮೇಲಿನ ಚರ್ಚಿಲ್ ಊರು ಮುಟ್ಟುವ ಹೊತ್ತಿಗೆ ಹಸಿವಿನಿಂದ ಕಂಗಾಲಾಗಿದ್ದರು.

ಫಲವೂ ಅಷ್ಟೇ ದೊಡ್ಡದು. ಬಂಡೆಗಳ ಮೇಲೆ ಹಿಮ ಕೊರೆದ ಗೀರುಗಳ ದಿಕ್ಕು ನೋಡಿ, ಹಿಮಯುಗದ ಹಿಮಹಾಸಿಗೆಗೆ ಕೊಲ್ಲಿಯ ಪಶ್ಚಿಮದ ಕೀವಾಟಿನ್ ಪ್ರದೇಶದಲ್ಲೂ ಹಿಮ ಸುತ್ತ ಹರಡುವ ಒಂದು ಕೇಂದ್ರವಿತ್ತು ಎಂದು ತೋರಿಸಿಕೊಟ್ಟರು. ಆಮೇಲೆ ಸರ್ಕಾರಿ ಕೆಲಸ ಬಿಟ್ಟು ಚಿನ್ನ ಸಿಕ್ಕಿದ್ದ ಕ್ಲಾಂಡೈಕ್ ಪ್ರದೇಶಕ್ಕೆ ಹೋದರು. ಮುಂದೆ ಒಂಟಾರಿಯೊದ ಕರ್ಕ್‌ಲ್ಯಾಂಡ್ ಲೇಕ್‌ನ ಚಿನ್ನದ ಗಣಿಯಿಂದ ಶ್ರೀಮಂತರಾದರು.