ಕೂದಲು ಉದುರುತ್ತದೆಂದು ತಲೆ ತೊಳೆಯುವುದನ್ನು ಬಿಡಬೇಡಿ

ರಾಯಚೂರಿನ ಹಾಸ್ಟೆಲಿಗೆ ಬಂದ ಮೇಲೆ ಬೋರ್ ನೀರಿಗೆ ಕೂದಲು ಉದುರತೊಡಗಿದೆ, ಇನ್ನಷ್ಟು ಉದುರೀತೆಂಬ ಭಯಕ್ಕೆ ಹತ್ತು ದಿನಕ್ಕೊಮ್ಮೆ ಮಾತ್ರ ತಲೆಸ್ನಾನ ಮಾಡುತ್ತಿದ್ದೇನೆ, ದಿನವೂ ಯಾವ ಎಣ್ಣೆ ಹಚ್ಚಿದರೆ ಇದು ನಿಲ್ಲುತ್ತದೆ ಎಂದು ಕೇಳಿದ್ದೀರಿ. ಆ ಹತ್ತು ದಿನದ ಮಾತನ್ನು ಓದಿದೊಡನೆ ನನ್ನ ಎದೆ ಧಸಕ್ಕೆಂದಿತು, ಏಕೆಂದರೆ ಇದೇ ಭಯಕ್ಕೆ ಇದೇ ಉಪಾಯವನ್ನು ಮಾಡಿ ಒಂದೂವರೆ ವರ್ಷ ಸಂಕಟಪಟ್ಟವಳು ನಾನು.

ನಾನು ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರದವಳು. 2016ರ ಶ್ರಾವಣದಲ್ಲಿ ಟೈಫಾಯಿಡ್ ಬಂದು ಮೂರು ವಾರ ಹಾಸಿಗೆ ಹಿಡಿದಿದ್ದೆ. ಗಂಜಿ, ತಿಳಿಸಾರು ಬಿಟ್ಟರೆ ಬೇರೇನೂ ಸೇರುತ್ತಿರಲಿಲ್ಲ. ಜ್ವರ ಬಿಟ್ಟು ಮೈಗೆ ಸ್ವಲ್ಪ ಕಸುವು ಬಂದೊಡನೆ ಬಳ್ಳಾರಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ ಅಲ್ಲೇ ಒಂದು ಕೋಣೆ ಹಿಡಿದೆ. ಆ ಕೋಣೆಯ ನಲ್ಲಿಗೆ ಬರುತ್ತಿದ್ದದ್ದು ಬೋರ್ ನೀರು. ಬಕೆಟ್ಟಿನ ಒಳಮೈಗೆ ವಾರದೊಳಗೆ ಬಿಳಿಯ ಪದರ ಕಟ್ಟುತ್ತಿತ್ತು. ದೀಪಾವಳಿಗೆ ಊರಿಗೆ ಹೋದಾಗ ಎಣ್ಣೆಸ್ನಾನಕ್ಕೆ ಅವ್ವ ನನ್ನನ್ನು ಕೂರಿಸಿಕೊಂಡು ತಲೆ ತಿಕ್ಕಿ ನೀರು ಹಾಕಿದಳು. ಬಚ್ಚಲದ ನೀರು ಹರಿಯದೆ ನಿಂತಿತು. ಅವ್ವ ಬಗ್ಗಿ ಜಾಲರಿಯ ಮೇಲಿನದನ್ನು ಎರಡು ಬೆರಳಿನಲ್ಲಿ ಎತ್ತಿದರೆ ನಿಂಬೆಹಣ್ಣಿನ ಗಾತ್ರದ ಕೂದಲಿನ ಉಂಡೆ. “ಇಷ್ಟು ಉದುರಾಕತ್ಯಾವಲ್ಲವ್ವಾ, ಇನ್ನ ಮ್ಯಾಲೆ ತಲಿ ಎರಕೊಳ್ಳೋದು ಕಡಿಮಿ ಮಾಡು” ಎಂದಳು. ಬಳ್ಳಾರಿಯ ನೀರೇ ಇದಕ್ಕೆಲ್ಲ ಕಾರಣವೆಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ.

ನನ್ನ ತಪ್ಪು ಇಲ್ಲಿಂದ ಆರಂಭವಾಯಿತು, ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಕೂದಲು ಕಣ್ಣಿಗೆ ಬಿದ್ದದ್ದು ಬಚ್ಚಲದಲ್ಲಿ. ಆದ್ದರಿಂದ ಅದನ್ನು ಕಿತ್ತದ್ದು ಸ್ನಾನವೇ ಎಂದು ನಂಬಿದೆ. ವಾರಕ್ಕೆರಡು ಸಲ ಮಾಡುತ್ತಿದ್ದ ತಲೆಸ್ನಾನವನ್ನು ಒಂದಕ್ಕಿಳಿಸಿದೆ. ಏಳು ದಿನಗಳ ಕೂದಲು ಒಂದೇ ಹೊತ್ತಿಗೆ ಕೈಗೆ ಬಂದಾಗ ಅದು ಮೊದಲಿಗಿಂತ ಹೆಚ್ಚಾಗಿ ಕಂಡಿತು. ಹೆದರಿ ಹತ್ತು ದಿನಕ್ಕೊಮ್ಮೆ ಮಾಡಿದೆ. ಆಗ ಇನ್ನೂ ದೊಡ್ಡ ಉಂಡೆ ಬಂದಿತು. ಹದಿನೈದು ದಿನಕ್ಕೊಮ್ಮೆ ಮಾಡಿದೆ. ಯುಗಾದಿಯ ಆಸುಪಾಸಿನ ಒಂದು ಭಾನುವಾರ ಸ್ನಾನ ಮುಗಿಸಿ, ಬಿಳಿಯ ಟವೆಲ್ ಹಾಸಿ, ಉದುರಿದ ಕೂದಲನ್ನು ಒಂದೊಂದಾಗಿ ಎಳೆದಿಟ್ಟು ಎಣಿಸಿದೆ. ಆರುನೂರರ ಹತ್ತಿರ ಬಂದಾಗ ಅಳು ತಡೆಯಲಾಗದೆ ಎದ್ದುಬಿಟ್ಟೆ.

ಆ ಆರುನೂರನ್ನು ಹದಿನೈದರಿಂದ ಭಾಗಿಸಿದ್ದರೆ ದಿನಕ್ಕೆ ನಲವತ್ತು ಎಂದು ತಿಳಿಯುತ್ತಿತ್ತು. ಬಾಚುವಾಗ ಬರುವುದನ್ನು, ದಿಂಬಿನ ಮೇಲೆ ಬೀಳುವುದನ್ನು ಕೂಡಿಸಿದರೂ ಎಪ್ಪತ್ತೋ ಎಂಬತ್ತೋ ಆದೀತು. ಆರೋಗ್ಯವಂತರ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅಂದರೆ ನಾನು ಕುಳಿತು ಅತ್ತ ಆ ಭಾನುವಾರದ ವೇಳೆಗಾಗಲೇ ನನ್ನ ಕೂದಲು ಉದುರುವುದು ಹತೋಟಿಗೆ ಬಂದಿತ್ತು! ಅದು ನನಗೆ ಗೊತ್ತಾಗಲಿಲ್ಲ. ಉದುರಬೇಕಾದ ಕೂದಲು ಬುಡ ಬಿಟ್ಟು ಮೊದಲೇ ಸಡಿಲವಾಗಿರುತ್ತದೆ. ನೀರು ಅದನ್ನು ಕೆಳಗಿಳಿಸುತ್ತದೆ, ಅಷ್ಟೆ. ತೊಳೆಯದಿದ್ದರೆ ಅದು ಹೆರಳಿನೊಳಗೆ, ಎಣ್ಣೆಯ ಜಿಡ್ಡಿಗೆ ಅಂಟಿಕೊಂಡು ಕಾಯುತ್ತಿರುತ್ತದೆ. ಸ್ನಾನವನ್ನು ಮುಂದೂಡಿದ್ದರಿಂದ ಉದುರಬೇಕಾದ ಒಂದು ಕೂದಲೂ ಉಳಿಯುವುದಿಲ್ಲ, ಅವೆಲ್ಲವೂ ಒಂದೇ ದಿನ ಬರುತ್ತವೆ. ಆ ದಿನದ ಹೆದರಿಕೆ ಮುಂದಿನ ಸ್ನಾನವನ್ನು ಇನ್ನಷ್ಟು ಮುಂದೂಡಿಸುತ್ತದೆ. ನೀವು ಈಗ ಇರುವುದು ಇದೇ ಸುಳಿಯಲ್ಲಿ ಎಂದು ನನಗೆ ಅನ್ನಿಸುತ್ತಿದೆ.

ಸ್ನಾನ ಬಿಟ್ಟದ್ದು ಸಾಲದೆಂಬಂತೆ ಪ್ರತಿ ರಾತ್ರಿ ಎಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ತಿಕ್ಕಿ, ಬಿಗಿಯಾಗಿ ಹೆರಳು ಹಾಕಿಕೊಂಡು ಮಲಗತೊಡಗಿದೆ. ಬಳ್ಳಾರಿಯ ಬೇಸಿಗೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ, ರಾಯಚೂರಿನದೂ ಅದೇ ಬಿಸಿಲು. ಬೆವರು, ರಸ್ತೆಯ ಧೂಳು, ಹಳೆಯ ಎಣ್ಣೆ ಮೂರೂ ಸೇರಿ ನೆತ್ತಿಯ ಮೇಲೆ ಪದರ ಕಟ್ಟಿತು. ಉಗುರಿನಿಂದ ಕೆರೆದರೆ ಹಳದಿ ಬಣ್ಣದ ಮೇಣದಂಥ ಹೊಟ್ಟು ಉಗುರಿನ ಸಂದಿಗೆ ಬರುತ್ತಿತ್ತು. ಹೊಟ್ಟು ಕಂಡಷ್ಟೂ ನೆತ್ತಿ ಒಣಗಿದೆ ಎಂದು ತಿಳಿದು ಮತ್ತಷ್ಟು ಎಣ್ಣೆ ಹಾಕಿದೆ. ಆರು ತಿಂಗಳಲ್ಲಿ ಕಿವಿಯ ಹಿಂದೆ, ಹುಬ್ಬಿನ ಸಂದಿಯಲ್ಲಿ ಕೂಡ ಕೆಂಪಾಗಿ ಸಿಪ್ಪೆ ಏಳತೊಡಗಿತು. ಕೆರೆದು ಕೆರೆದು ನೆತ್ತಿಯಲ್ಲಿ ಗಾಯಗಳಾದವು. ಕಚೇರಿಯಲ್ಲಿ ಜನರ ನಡುವೆ ಕುಳಿತಾಗ ಕೈ ತಲೆಗೆ ಹೋಗದಂತೆ ಹಿಡಿದುಕೊಳ್ಳುವುದೇ ಒಂದು ಕೆಲಸವಾಯಿತು.

2018ರ ಬೇಸಿಗೆಯಲ್ಲಿ ಕೊನೆಗೂ ಚರ್ಮರೋಗ ತಜ್ಞೆಯೊಬ್ಬರ ಬಳಿಗೆ ಹೋದೆ. ಅವರು ಮೂರು ಬೆರಳಿನ ನಡುವೆ ಸುಮಾರು ಐವತ್ತು ಕೂದಲಿನ ಎಳೆಗಳನ್ನು ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದರು. ಕೈಗೆ ಬಂದದ್ದು ಎರಡೇ ಎರಡು. ಅವುಗಳಲ್ಲಿ ಒಂದನ್ನು ಕಪ್ಪು ಡೈರಿಯ ರಟ್ಟಿನ ಮೇಲಿಟ್ಟು, ಅದರ ಬುಡದಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಬಿಳಿಯ ಗುಂಡೊಂದನ್ನು ಪೆನ್ನಿನ ತುದಿಯಿಂದ ತೋರಿಸಿದರು. ಹಾಗೆ ಬಿಳಿ ಗುಂಡಿನೊಂದಿಗೆ ಬರುವ ಕೂದಲು ತನ್ನ ಆಯುಸ್ಸು ಮುಗಿಸಿ ಬಂದದ್ದು, ಅದರ ಜಾಗದಲ್ಲಿ ಹೊಸದು ಹುಟ್ಟುತ್ತದೆ ಎಂದರು. ತಲೆಯ ಒಂದೊಂದು ಕೂದಲೂ ಕೆಲವು ವರ್ಷ ಬೆಳೆದು, ಆಮೇಲೆ ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಜೋರಾದ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸುವುದು, ಇಂಥವು ಮೈಯನ್ನು ಅಲುಗಿಸಿದಾಗ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತವೆ. ಶ್ರಾವಣದ ಟೈಫಾಯಿಡ್‌ಗೆ ದೀಪಾವಳಿಯಲ್ಲಿ ಉದುರಿದ್ದು ಹಾಗೆ. ಬಳ್ಳಾರಿಯ ನೀರಿಗೆ ಅದರಲ್ಲಿ ಪಾತ್ರವೇ ಇರಲಿಲ್ಲ, ಏನೂ ಮಾಡದೆ ಇದ್ದಿದ್ದರೂ ಆರು ತಿಂಗಳಲ್ಲಿ ಅದು ತಾನಾಗಿ ನಿಲ್ಲುತ್ತಿತ್ತು.

ಹೊಟ್ಟಿನ ಬಗ್ಗೆ ಅವರು ಹೇಳಿದ್ದು ನನಗೆ ಇನ್ನೂ ಹೊಸದು. ಮಲಸೇಜಿಯ ಎಂಬ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ಇರುತ್ತದೆ. ಅದು ಬದುಕುವುದೇ ಜಿಡ್ಡಿನ ಮೇಲೆ. ಮೇಲಿನಿಂದ ಹಚ್ಚಿ ದಿನಗಟ್ಟಲೆ ಬಿಟ್ಟ ಎಣ್ಣೆ ಅದಕ್ಕೆ ಊಟವಾಗುತ್ತದೆ. ಆ ಶಿಲೀಂಧ್ರವನ್ನು ಹತೋಟಿಗೆ ತರುವ ಕೀಟೊಕೊನಜೋಲ್ ಎಂಬ ಔಷಧಿ ಶೇಕಡಾ 2ರಷ್ಟಿರುವ ಶಾಂಪೂ ಬರೆದುಕೊಟ್ಟು, ವಾರಕ್ಕೆರಡು ಸಲ ನೆತ್ತಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕೆಂದೂ, ನೆತ್ತಿಗೆ ಎಣ್ಣೆ ಮುಟ್ಟಿಸಲೇಬಾರದೆಂದೂ ತಾಕೀತು ಮಾಡಿದರು. ನಾಲ್ಕು ವಾರದೊಳಗೆ ಕೆರೆತ ನಿಂತಿತು. ಒಂದೂವರೆ ವರ್ಷ ನಾನು ಪಟ್ಟ ಪಾಡು ನಾಲ್ಕು ವಾರದಲ್ಲಿ ಹೋಯಿತು ಎಂಬುದನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಯಾವ ಎಣ್ಣೆ ಹಚ್ಚಿದರೆ ಉದುರುವುದು ನಿಲ್ಲುತ್ತದೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಣ್ಣೆ ಬುಡಕ್ಕೆ ಗೊಬ್ಬರವಲ್ಲ. ಆದರೆ ಹೊರಗೆ ಬಂದಿರುವ ಕೂದಲಿನ ಎಳೆಗೆ ಕೊಬ್ಬರಿ ಎಣ್ಣೆಯಿಂದ ನಿಜವಾದ ಉಪಯೋಗವಿದೆ. ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ; ಅದು ಎಳೆಯ ಒಳಕ್ಕೆ ಇಳಿಯಬಲ್ಲದು. ನಾನು ಈಗ ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕಿವಿಯ ಕೆಳಗಿನ ಉದ್ದಕ್ಕೆ ಮಾತ್ರ ಅದನ್ನು ಸವರಿ, ಶಾಂಪೂವಿನಿಂದ ತೊಳೆದುಬಿಡುತ್ತೇನೆ. ರಾತ್ರಿಯಿಡೀ ಬಿಡುವುದಿಲ್ಲ.

ನೀರಿನ ಮೇಲೆ ನೀವು ಹೊರಿಸಿದ ಆರೋಪವೂ ಅರ್ಧ ಮಾತ್ರ ನಿಜ. ಗಡಸು ನೀರಿನ ಸುಣ್ಣದ ಅಂಶ ಎಳೆಯ ಮೇಲೆ ಕೂತು ಕೂದಲನ್ನು ಒರಟು ಮಾಡುತ್ತದೆ, ಸಿಕ್ಕು ಹೆಚ್ಚಿಸುತ್ತದೆ, ಬುಡದಿಂದ ಕೀಳುವುದಿಲ್ಲ. ನಿಮ್ಮ ಬಾಚಣಿಗೆಯ ಕೂದಲನ್ನು ಬೆಳಕಿಗೆ ಹಿಡಿದು ನೋಡಿ: ಬಿಳಿ ಗುಂಡಿದ್ದರೆ ಅದು ಉದುರಿದ್ದು, ಗುಂಡಿಲ್ಲದೆ ತುಂಡಾಗಿದ್ದರೆ ಅದು ಮುರಿದದ್ದು. ಮುರಿದವೇ ಹೆಚ್ಚಾಗಿದ್ದರೆ ನೀರಿನ ಕಡೆಗೆ, ಬಾಚುವ ಕೈಯ ಕಡೆಗೆ ನೋಡಬೇಕು. ಮೈಸೋಪನ್ನು ತಲೆಗೆ ಹಾಕಲೇಬೇಡಿ. ಬೋರ್ ನೀರಿನಲ್ಲಿ ಅದು ನೊರೆ ಬರದೆ ಮೇಣದಂತೆ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಶಾಂಪೂ ಹಾಗೆ ಮೆತ್ತುವುದಿಲ್ಲ. ಸೀಗೆಕಾಯಿ ಬೇಕೆಂದರೆ ಪುಡಿಯನ್ನು ನೇರವಾಗಿ ತಿಕ್ಕದೆ, ಕಾಯಿಯನ್ನು ಕುದಿಸಿ ಬಟ್ಟೆಯಲ್ಲಿ ಸೋಸಿದ ನೀರನ್ನು ಬಳಸಿರಿ. ಕೊನೆಯ ಎರಡು ತಂಬಿಗೆಯನ್ನಾದರೂ ಕ್ಯಾನಿನ ಕುಡಿಯುವ ನೀರಿನಿಂದ ಸುರಿದುಕೊಂಡರೆ ಕೂದಲು ಮೆದುವಾಗುವುದು ನನ್ನ ಕೈಗೇ ಗೊತ್ತಾಗಿದೆ.

ಬಾಚುವುದನ್ನು ನನಗೆ ಕಲಿಸಿದವಳು ನಮ್ಮ ಚಿಗವ್ವ. ನಮ್ಮ ಭಾಗ್ಯನಗರ ಕೂದಲಿನ ಉದ್ಯಮಕ್ಕೆ ಹೆಸರಾದ ಊರು. ಹಳ್ಳಿಹಳ್ಳಿ ತಿರುಗಿ ಕೊಂಡು ತಂದ ಬಾಚಿದ ಕೂದಲಿನ ಉಂಡೆಗಳ ಸಿಕ್ಕು ಬಿಡಿಸಿ, ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ಕಟ್ಟು ಕಟ್ಟುವ ಕೆಲಸ ಇಲ್ಲಿ ಎಷ್ಟೋ ಹೆಣ್ಣುಮಕ್ಕಳ ಜೀವನಕ್ಕೆ ಆಧಾರ. ಚಿಗವ್ವನೂ ಅದರಲ್ಲಿದ್ದವಳು. ಸ್ನಾನವಾದ ಮೇಲೆ ನಾನು ಹಸಿ ಕೂದಲಿಗೆ ನೆತ್ತಿಯಿಂದಲೇ ಬಾಚಣಿಗೆ ಹಾಕಿ ಜಗ್ಗುವುದನ್ನು ಕಂಡು ಒಂದು ಕೂದಲನ್ನು ತೆಗೆದುಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿಂದೆ ಮುಂದೆ ಹೊಸೆದಳು. ಕೂದಲು ತಾನಾಗಿ ಒಂದೇ ದಿಕ್ಕಿಗೆ, ಬುಡ ಮುಂದಾಗಿ ಸರಿಯುತ್ತ ಹೋಯಿತು. ತಿರುಗಿಸಿ ಹಿಡಿದರೂ ಬುಡವೇ ಮುಂದು. ಕೂದಲಿನ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿದ್ದು, ಅವೆಲ್ಲ ತುದಿಯ ಕಡೆಗೆ ಮುಖ ಮಾಡಿರುವುದೇ ಅದಕ್ಕೆ ಕಾರಣ. “ಬುಡದಿಂದ ಜಗ್ಗಿದ್ರ ಸಿಕ್ಕು ಕೆಳಗ ಹೋಗಿ ಗಂಟಾಗ್ತೈತಿ. ತುದಿ ಬಿಡಿಸ್ಕೊ, ಆಮ್ಯಾಲೆ ನಾಕು ಬೆರಳು ಮ್ಯಾಲೆ ಬಾ” ಎಂದಳು. ಅಂದಿನಿಂದ ನಾನು ಕೂದಲು ಮುಕ್ಕಾಲು ಒಣಗುವವರೆಗೆ ಕಾಯುತ್ತೇನೆ, ಏಕೆಂದರೆ ನೀರು ಕುಡಿದ ಎಳೆ ಉಬ್ಬಿ ಬಲಹೀನವಾಗಿರುತ್ತದೆ. ಟವೆಲಿನಿಂದ ತಿಕ್ಕದೆ ಹಳೆಯ ಹತ್ತಿ ಸೀರೆಯ ತುಂಡಿನಿಂದ ಒತ್ತಿ ನೀರು ತೆಗೆಯುತ್ತೇನೆ; ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಹಂತಹಂತವಾಗಿ ಬಿಡಿಸುತ್ತೇನೆ. ಕೂದಲು ಮುರಿಯುವುದು ನನಗೆ ನಿಂತದ್ದು ಇದರಿಂದಲೇ. ಹೆರಳನ್ನು ಸಡಿಲವಾಗಿ ಹಾಕಿರಿ, ವರ್ಷಗಟ್ಟಲೆ ಬಿಗಿದರೆ ಹಣೆಯಂಚಿನ ಕೂದಲು ಶಾಶ್ವತವಾಗಿ ಹೋಗಬಹುದು.

ಊಟದ ಬಗ್ಗೆ ಒಂದು ಮಾತು. ಹಾಸ್ಟೆಲಿಗೆ ಸೇರುವ ಮುನ್ನ ಎರಡು ಮೂರು ತಿಂಗಳಲ್ಲಿ ಜ್ವರ ಬಂದಿತ್ತೇ, ಬಂದ ಮೇಲೆ ಊಟ ಕಡಿಮೆಯಾಗಿದೆಯೇ ಎಂದು ನೆನಪಿಸಿಕೊಳ್ಳಿರಿ; ಉತ್ತರ ಅಲ್ಲಿರುವ ಸಂಭವ ಹೆಚ್ಚು. ನನ್ನ ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಕಡಿಮೆ ಇತ್ತು; ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಚಹಾದಿಂದ ದೂರವಿಟ್ಟು ತೆಗೆದುಕೊಂಡೆ, ರೊಟ್ಟಿಯ ಜೊತೆಗೆ ಹೆಸರುಕಾಳಿನ ಪಲ್ಯ, ಶೇಂಗಾ, ಮೊಟ್ಟೆ ತಪ್ಪಿಸಲಿಲ್ಲ. ಗೆಳತಿಯರು ಹೇಳಿದರೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗಬೇಡಿ. ಅದರ ಕೊರತೆ ಇಲ್ಲದವರಿಗೆ ಅದರಿಂದ ಲಾಭವಿಲ್ಲ, ಮೇಲಾಗಿ ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ತೋರಿಸಬಹುದು. ಉದುರುವುದು ಆರು ತಿಂಗಳು ದಾಟಿದರೆ, ಅಥವಾ ನಾಣ್ಯದಷ್ಟು ದುಂಡಗೆ ಬೋಳಾಗಿರುವುದು ಕಂಡರೆ, ಎಣ್ಣೆಯ ಅಂಗಡಿಗೆ ಹೋಗದೆ ರಾಯಚೂರಿನ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿರಿ.

ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದು ಸೆಂಟಿಮೀಟರ್. 2018ರ ದೀಪಾವಳಿಯ ಹೊತ್ತಿಗೆ ನನ್ನ ಹಣೆಯ ಮೇಲೆ ಎರಡು ಬೆರಳಗಲದಷ್ಟು ಉದ್ದದ ಮರಿಗೂದಲು ಎದ್ದು ನಿಂತಿದ್ದವು. ಅವ್ವ ನೀರು ಕೈಗೆ ಮಾಡಿಕೊಂಡು ಸವರಿ ಕೂರಿಸಲು ನೋಡಿದರೂ ಅವು ಕೂರಲಿಲ್ಲ. ನೀವು ನಾಳೆ ಬೆಳಿಗ್ಗೆಯೇ ತಲೆಸ್ನಾನ ಮಾಡಿ, ಮೂರು ದಿನ ಬಿಟ್ಟು ಮತ್ತೆ ಮಾಡಿ. ನಾಳೆ ಬಚ್ಚಲದಲ್ಲಿ ಬಹಳ ಕೂದಲು ಕಾಣುತ್ತದೆ, ಅದು ಹತ್ತು ದಿನಗಳಿಂದ ಹೆರಳಿನಲ್ಲಿ ಸಿಕ್ಕಿಕೊಂಡಿದ್ದದ್ದು, ಅದನ್ನು ಎಣಿಸಬೇಡಿ. ಎಣಿಸಲೇಬೇಕೆಂದರೆ ನಾಲ್ಕನೆಯ ಸ್ನಾನದಂದು ಎಣಿಸಿ, ಬಂದ ಸಂಖ್ಯೆಯನ್ನು ನಡುವಿನ ದಿನಗಳಿಂದ ಭಾಗಿಸಿ ಇಲ್ಲಿಯೇ ಬರೆಯಿರಿ, ನೋಡುತ್ತೇನೆ.