ಚಲನ್ ಹೆಸರಿನಲ್ಲಿ ಬಂದ ಆ್ಯಪ್

ಪ್ರಶ್ನೆ: ನಮ್ಮ ಜೀಪಿಗೆ ಮೈಸೂರಿನಲ್ಲಿ ದಂಡ ಬಿದ್ದಿದೆ ಎಂಬ ಸಂದೇಶದೊಂದಿಗೆ ಪರಿಚಯಸ್ಥರ ವಾಟ್ಸ್‌ಆ್ಯಪ್‌ನಿಂದ ‘ಆರ್‌ಟಿಒ ಚಲನ್’ ಎಂಬ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲ್ ಬಂತು. ಇನ್‌ಸ್ಟಾಲ್ ಮಾಡಿದ ಮೇಲೆ ಅದರ ಐಕಾನ್ ಕಾಣಿಸುತ್ತಿಲ್ಲ. ಈಗ ನನ್ನ ನಂಬರಿನಿಂದ ಕಾಫಿ ಬೆಳೆಗಾರರ ಗ್ರೂಪಿಗೂ ಅದೇ ಫೈಲ್ ಹೋಗಿದೆಯಂತೆ. ಏನು ಮಾಡಲಿ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಐಕಾನ್ ಮರೆಯಾದ ಮಾತ್ರಕ್ಕೆ ಆ್ಯಪ್ ಹೋಗಿದೆ ಎಂದು ತಿಳಿಯಬೇಡಿ, ಅದು ಅಡಗಿ ಕೆಲಸ ಮಾಡುತ್ತಿರುವ ಸಾಧ್ಯತೆಯೇ ಹೆಚ್ಚು. ಇಂಥ ಕುತಂತ್ರಾಂಶವು ಎಸ್‌ಎಂಎಸ್ ಓದುವ ಅನುಮತಿಯನ್ನು ಪಡೆದು ಬ್ಯಾಂಕಿನ ಒಟಿಪಿಗಳನ್ನು ವಂಚಕರಿಗೆ ರವಾನಿಸುತ್ತದೆ. ‘ಆ್ಯಕ್ಸೆಸಿಬಿಲಿಟಿ’ ಅನುಮತಿಯೂ ಸಿಕ್ಕಿದರೆ ಪರದೆಯ ಮೇಲಿರುವುದನ್ನು ಓದಿ, ನಿಮ್ಮ ಪರವಾಗಿ ತಾನೇ ಗುಂಡಿ ಒತ್ತಬಲ್ಲದು. ಕೆಲವು ಕುತಂತ್ರಾಂಶಗಳು ಬಂದ ಎಸ್‌ಎಂಎಸ್ ನಿಮ್ಮ ಕಣ್ಣಿಗೇ ಬೀಳದಂತೆ ಮಾಡುತ್ತವೆ. ಮಳೆಗಾಲದಲ್ಲಿ ಸಂದೇಶಗಳು ತಡವಾಗಿ ಬರುವುದಕ್ಕೆ ಕೊಡಗಿನವರು ಒಗ್ಗಿಹೋಗಿದ್ದಾರೆ, ನಿಜ. ಆದರೆ ಈಗ ಒಟಿಪಿ ಬಾರದಿದ್ದರೆ ಟವರನ್ನಷ್ಟೇ ದೂರಬೇಡಿ.

ಮೊದಲು ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ. ಮನೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್ ತಡೆಹಿಡಿಸಿ, ಗ್ರೂಪಿನವರಿಗೂ ಆಗಲೇ ಎಚ್ಚರಿಕೆ ಕೊಡಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ನೀಡಿ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಬೇಗ ಸಾಗಿಸುವುದರಿಂದ ಇಲ್ಲಿ ಗಂಟೆಗಳೂ ಮುಖ್ಯ. ಆ ಬಳಿಕ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಅದನ್ನು ಹುಡುಕಿ ತೆಗೆಯಬಹುದು, ಆದರೆ ಫೋಟೊಗಳನ್ನು ಬೇರೆಡೆ ಉಳಿಸಿಕೊಂಡು, ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ ಮಾಡುವುದೇ ಮೇಲು ಎಂಬುದು ನನ್ನ ಸಲಹೆ. ಪಾಸ್‌ವರ್ಡ್‌ಗಳನ್ನು ಇನ್ನೊಂದು ಸಾಧನದಿಂದ ಬದಲಿಸಿ. ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಅಪರಿಚಿತ ಸಾಧನವಿದ್ದರೆ ಲಾಗ್ ಔಟ್ ಮಾಡಿ. ದಂಡ ನಿಜವೇ ಎಂಬುದನ್ನು ಪರಿವಹನ್‌ನ ಸರ್ಕಾರಿ ಇ-ಚಲನ್ ಜಾಲತಾಣದಲ್ಲಿ ಗಾಡಿ ನಂಬರ್ ಕೊಟ್ಟು ನೋಡಬಹುದು. ಅದಕ್ಕೆ ಯಾವ ಎಪಿಕೆಯೂ ಬೇಕಿಲ್ಲ.

ಪ್ರಶ್ನೆ: ತೋಟದ ಲೆಕ್ಕ ಬರೆಯಲು ಕಂಪ್ಯೂಟರಿಗೆ ಸಾಫ್ಟ್‌ವೇರ್ ಬೇಕು. ಕಂಪನಿಯ ಜಾಲತಾಣದಿಂದಲೇ ಇಳಿಸಿಕೊಂಡರೆ ಭಯವಿಲ್ಲವೇ?
– ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ಬಹುಪಾಲು ಇಲ್ಲ. ಆದರೂ 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ತಂತ್ರಾಂಶದ 5.33ನೇ ಆವೃತ್ತಿ, ಕುತಂತ್ರಾಂಶ ಬೆರೆತೇ, ತಂತ್ರಾಂಶ ಕಂಪನಿಯದ್ದೇ ಎಂದು ಖಚಿತಪಡಿಸುವ ಅಧಿಕೃತ ಡಿಜಿಟಲ್ ಸಹಿಯೊಂದಿಗೆ ಸುಮಾರು 22 ಲಕ್ಷ ಕಂಪ್ಯೂಟರುಗಳನ್ನು ಸೇರಿತ್ತು. ಆದ್ದರಿಂದ ಆ್ಯಂಟಿವೈರಸ್ ಸದಾ ಚಾಲನೆಯಲ್ಲಿರಲಿ, ಲೆಕ್ಕದ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಪ್ರತ್ಯೇಕವಾಗಿರಲಿ. ಹಣ ಉಳಿಸಲೆಂದು ಬಳಸುವ ‘ಕ್ರ್ಯಾಕ್’ (ಪರವಾನಗಿಯ ಬೀಗ ಮುರಿದ ನಕಲಿ) ಪ್ರತಿಗಳ ಮಾತು ಬೇರೆ: ಆ್ಯಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ ಎಂದು ಅವುಗಳ ಜೊತೆಗೇ ಸೂಚನೆ ಬಂದಿದ್ದರೆ, ಅವನ್ನು ಮುಟ್ಟದಿರಲು ಅಷ್ಟೇ ಕಾರಣ ಸಾಕು.