ಶಕ್ತಿ 10 ಆಗುವ ತನಕ ಹೊರಗೆ ಬಾರದ ಹುಡುಗ

ಕಾಸರಗೋಡಿನ ಬದಿಯಡ್ಕ ಕಡೆಯ ಪ್ಲಸ್ ಟು ಹುಡುಗ, ವಯಸ್ಸು 17. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅಪ್ಪ ಗಲ್ಫಿನಲ್ಲಿ. ಆಪ್ತ ಸಲಹೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅಮ್ಮ. "ರಾತ್ರಿ ಎರಡು ಗಂಟೆಗೆ ಕೋಣೆಯಲ್ಲಿ ಪುಷ್ ಅಪ್ ಹೊಡೀತಾನೆ ಟೀಚರೇ. ಗಂಜಿ ಕೂಡ ಅರ್ಧ ಬಿಡ್ತಾನೆ. ಗೇಮಿನ ಚಟ ಹಿಡಿದಿದೆ" ಅಂದರು.

ಯಾವ ಗೇಮ್ ಎಂದು ಹುಡುಗನನ್ನೇ ಕೇಳಿದೆ. ಪ್ರಾಜೆಕ್ಟ್ ಜಾಂಬಾಯ್ಡ್, ಅಂದರೆ ನಡೆದಾಡುವ ಹೆಣಗಳ (ಜಾಂಬಿ) ನಡುವೆ ಬದುಕಿ ಉಳಿಯಬೇಕಾದ ಕಂಪ್ಯೂಟರ್ ಆಟ. ಅದರಲ್ಲಿ ಪಾತ್ರದ ಶಕ್ತಿಗೂ ಫಿಟ್‌ನೆಸ್‌ಗೂ 10 ಹಂತ. ಸಾಮಾನ್ಯ ಪಾತ್ರ 5ರಿಂದ ಶುರು. ವ್ಯಾಯಾಮ ಮಾಡಿಸಿದರೆ ಏರುತ್ತದೆ, ಆದರೆ ಬಹಳ ನಿಧಾನ. ಸತ್ತರೆ ಹೊಸ ಪಾತ್ರ, ಮತ್ತೆ ಮೊದಲಿಂದ. ಆ ಹೆದರಿಕೆಗೆ ಇವನು ಪಾತ್ರವನ್ನು ಮನೆಯೊಳಗೇ ಕೂಡಿಹಾಕಿ ವ್ಯಾಯಾಮ ಮಾಡಿಸುತ್ತಿದ್ದ. ಆಹಾರ ಮುಗಿದ ಮೇಲೆ ಹೊರಡಬೇಕಲ್ಲ? ಆಗ ಕೈ ಬಿಗಿದು ನೋವು, ತೂಕವೂ ಇಳಿದು ಏಟಿಗೆ ಬಲವಿಲ್ಲ. ಪಾತ್ರ ಸಾಯುತ್ತಿತ್ತು. ಮುಂದಿನ ಪಾತ್ರಕ್ಕೆ ಇನ್ನೂ ಜಾಸ್ತಿ ವ್ಯಾಯಾಮ.

ಎರಡನೇ ಭೇಟಿಯಲ್ಲಿ ನಿಜ ಸಂಗತಿ ಹೊರಬಂತು. ವಾಲಿಬಾಲ್ ಆಡುವಾಗ ಗೆಳೆಯರು "ಕಡ್ಡಿ" ಎಂದು ತಮಾಷೆ ಮಾಡಿದ್ದರು. ಅಂದಿನಿಂದ ಮೈದಾನ ಬಿಟ್ಟ. "ಮೈ ಗಟ್ಟಿಯಾದ ಮೇಲೆ ಹೋಗ್ತೇನೆ ಟೀಚರೇ" ಅಂದ. ಆಟದಲ್ಲೂ ಅದೇ, ಇಲ್ಲೂ ಅದೇ.

ಚಟ ಎಂಬ ಹಣೆಪಟ್ಟಿ ನಾನು ಹಚ್ಚಲಿಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆ ಇದೆ, ನಿಜ. ಆದರೆ ಹಿಡಿತ ತಪ್ಪಿ, ಓದು, ಮನೆ, ಒಡನಾಟ ಎಲ್ಲ ಕೆಟ್ಟು, ಸಾಮಾನ್ಯವಾಗಿ 12 ತಿಂಗಳಾದರೂ ಹಾಗೇ ನಡೆದಿರಬೇಕು. ಇವನು ದಿನಾ ಶಾಲೆಗೆ ಹೋಗುತ್ತಾನೆ, ಕರೆದರೆ ಆಟ ನಿಲ್ಲಿಸಿ ಬರುತ್ತಾನೆ. ಇವನನ್ನು ಕಾಡುತ್ತಿದ್ದದ್ದು ನಾಚಿಕೆ. ಗೇಮ್ ಕಿತ್ತುಕೊಂಡರೆ ಅದು ಹೋಗುತ್ತದಾ?

ಹಾಗಾಗಿ ಆಟದಿಂದಲೇ ಶುರುಮಾಡಿದೆವು. ಪಾತ್ರಕ್ಕೆ ವ್ಯಾಯಾಮ ದಿನಕ್ಕೆ ಸ್ವಲ್ಪವೇ, ಆದರೆ ತಪ್ಪಿಸಬಾರದು. ಆ ಗೇಮಿನಲ್ಲಿ ರೂಢಿ ಬೆಳೆದಷ್ಟೂ ಮೈಬಿಗಿತ ಕಡಿಮೆ. ಇಂದು ಕೈಗೆ, ನಾಳೆ ಕಾಲಿಗೆ. ಮರುದಿನ ಹೊರಗೆ ಹೋಗುವುದಿದ್ದರೆ ಹಿಂದಿನ ದಿನ ಹಗುರ. ಮೊದಲು ಊಟ, ನಿದ್ದೆ. ಮರ ಕಡಿಯುವುದು, ಬಡಿಗೆ ಕೆಲಸ, ಅಡುಗೆ, ಇವೆಲ್ಲ ಮಾಡುತ್ತಾ ಮಾಡುತ್ತಾ ಬರುವ ಕೌಶಲ. ಪಾತ್ರದ ಶಕ್ತಿ 6 ಇರುವಾಗಲೇ ಪಕ್ಕದ ಮನೆ ತನಕ ಹೋಗಿ ಬಾ ಎಂದೆ. ಇದನ್ನೆಲ್ಲ ಅವನೇ ನನಗಿಂತ ಚೆನ್ನಾಗಿ ವಿವರಿಸಿದ! ಗೊತ್ತಿದ್ದೂ ಧೈರ್ಯ ಬಂದಿರಲಿಲ್ಲ, ಅಷ್ಟೇ.

ಆಮೇಲೆ ಅವನ ಮೈಗೆ ಬಂದೆವು. ಹೊಸ ವ್ಯಾಯಾಮದ ನೋವು ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಅದರ ಮೇಲೇ ದಿನಾ ನೂರು ಹೊಡೆದರೆ ಮೈ ಚೇತರಿಸಿಕೊಳ್ಳುವುದಿಲ್ಲ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಪುಷ್ ಅಪ್ ಸಂಜೆಗೆ ಬಂತು, ದಿನ ಬಿಟ್ಟು ದಿನ. ಊಟ ಬಿಡುವ ಹಾಗಿಲ್ಲ. ಮೊಟ್ಟೆ, ಮೀನು, ಹೆಸರುಕಾಳು ಮನೆಯಲ್ಲೇ ಇವೆ. ಪ್ರೋಟೀನ್ ಪೌಡರ್ ಡಬ್ಬಿ ಬೇಡ ಎಂದು ಸ್ಪಷ್ಟವಾಗಿ ಹೇಳಿದೆ.

ಅಮ್ಮನಿಗೆ ಹೇಳಿದ್ದು ಬೇರೆ. ನೆಂಟರ ಎದುರು ಅವನ ಮೈಕಟ್ಟಿನ ಮಾತು ತೆಗೆಯಬೇಡಿ, "ಸಪೂರ ಆಗಿದ್ದಾನೆ" ಎಂದು ಪ್ರೀತಿಯಿಂದಲೂ ಹೇಳಬೇಡಿ. ಊಟ ಪೂರ್ತಿ ಬಿಟ್ಟರೆ, ತಿಂದದ್ದನ್ನು ಕಕ್ಕಿದರೆ, ಬದುಕು ಬೇಡ ಎಂಬ ಮಾತು ಬಂದರೆ ನನ್ನ ಭೇಟಿಗೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056, ಎರಡನ್ನೂ ಬರೆದುಕೊಟ್ಟೆ.

ಮೈದಾನಕ್ಕೆ ಹೋಗಿದ್ದಾನೆ, ಸದ್ಯಕ್ಕೆ ಒಬ್ಬನೇ ಗೆಳೆಯನ ಜೊತೆ. ನಿದ್ದೆ ಇನ್ನೂ ಸರಿಹೋಗಿಲ್ಲ. ರಾತ್ರಿ ಫೋನ್, ಲ್ಯಾಪ್‌ಟಾಪ್ ಎಲ್ಲಿಡುವುದು ಎಂಬುದು ಮುಂದಿನ ಭೇಟಿಯ ಮಾತು. ಅದಕ್ಕೆ ಅಪ್ಪನೂ ವಿಡಿಯೋ ಕಾಲಿನಲ್ಲಿ ಬರುತ್ತಾರೆ.